ಗಾಡಿ ಯಾಕೆ ನಿಲ್ಲುತ್ತಿತ್ತು: ವಾಸ್ಕೊ–ಲೋಂಡಾ ಮೀಟರ್ ಗೇಜ್ ಪ್ಯಾಸೆಂಜರ್, ಒಂದು ಪ್ರಕರಣ ಅಧ್ಯಯನ

ಗೋವೆಯ ವಾಸ್ಕೊದ ಬಾಯ್ನಾ, ಮಂಗೂರ್ ಹಿಲ್, ಜುವಾರಿನಗರದ ಕನ್ನಡ ಮನೆಗಳಲ್ಲಿ ಊರಿನ ಮಾತು ಎದ್ದರೆ ಹಿಂದೆಯೇ ಹಳೆಯ ಗಾಡಿಯ ಮಾತೂ ಏಳುತ್ತದೆ. ಧಾರವಾಡ, ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದರಿನ ಕೆಲಸಕ್ಕೆ, ಗಾರೆ ಕೆಲಸಕ್ಕೆ, ಕಾಯಿಪಲ್ಲೆ ವ್ಯಾಪಾರಕ್ಕೆ ಬಂದವರ ಮನೆಗಳಿವು. "ಈಗೇನ್ ಗಾಡಿ ಬಿಡ್ರಿ, ಕುಂತ್ರ ಇಳಿಯೂ ಟೇಸನ್ ಬಂದ ಬಿಡ್ತೈತಿ. ಆಗಿನ ಗಾಡಿ ಎಲ್ಲಾ ಕಡೆ ನಿಂತ ನಿಂತ ಹೋಗ್ತಿತ್ತು" ಎಂಬ ಮಾತು ಒಂದಲ್ಲ ಒಂದು ರೂಪದಲ್ಲಿ ಕಿವಿಗೆ ಬೀಳುತ್ತದೆ. ನಿಂತು ನಿಂತು ಹೋಗುವುದು ಹೊಗಳಿಕೆಯ ಮಾತಾಗಿರುವುದೇ ಇಲ್ಲಿ ಗಮನಿಸಬೇಕಾದದ್ದು. ಇನ್ನೆಲ್ಲ ಕಡೆ ಪ್ಯಾಸೆಂಜರ್ ಗಾಡಿಯನ್ನು ಬೈಯುವುದಕ್ಕೆ ಜನ ಇದೇ ಮಾತನ್ನು ಬಳಸುತ್ತಾರೆ.

ಆ ಗಾಡಿ ಈಗಿಲ್ಲ. ಆದರೆ ಮಾಯವಾದ ರೈಲು ಎಂದರೆ ಇಲ್ಲಿ ಕಿತ್ತುಹೋದ ದಾರಿ ಎಂದು ತಿಳಿಯಬಾರದು. ವಾಸ್ಕೊ ಪಕ್ಕದ ಮುರ್ಮುಗಾವ್ ಬಂದರಿನಿಂದ ಮಡಗಾಂವ್, ಸಾವರ್ಡೆಂ, ಕುಲೆಂ ದಾಟಿ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮೂಲಕ ಲೋಂಡಾ ಸೇರುವ ಸುಮಾರು 105 ಕಿ.ಮೀ. ದಾರಿ ಇಂದಿಗೂ ಇದೆ, ಅದರ ಮೇಲೆ ಮೊದಲಿಗಿಂತ ದೊಡ್ಡ ಗಾಡಿಗಳು ಓಡುತ್ತಿವೆ. ಹೋದದ್ದು 1,000 ಮಿ.ಮೀ. ಅಗಲದ ಮೀಟರ್ ಗೇಜ್ ಹಳಿ ಮತ್ತು ಅದರ ಮೇಲೆ ಓಡುತ್ತಿದ್ದ ಪ್ಯಾಸೆಂಜರ್ ಗಾಡಿಯ ಜೀವನಕ್ರಮ. ಜನ ನೆನೆಯುವ ಆ ನಿಲುಗಡೆಗಳು ಯಾಕಿದ್ದವು, ಒಂದೊಂದೂ ಯಾವ ಕಾರಣಕ್ಕೆ ಹೋಯಿತು ಎಂದು ಹುಡುಕುವುದೇ ಈ ಅಧ್ಯಯನ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡಬಹುದು: ಆ ನಿಲುಗಡೆಗಳಲ್ಲಿ ಪ್ರಯಾಣಿಕರ ಸುಖಕ್ಕೆಂದು ಇಟ್ಟದ್ದು ಕಡಿಮೆ. ನೀರು, ಬ್ರೇಕು, ಟೋಕನ್, ಗಡಿ ಇವುಗಳ ಒತ್ತಾಯಕ್ಕೆ ಗಾಡಿ ನಿಲ್ಲುತ್ತಿತ್ತು. ಚಹಾ, ಬುತ್ತಿ, ಜಲಪಾತ ಎಲ್ಲ ಆ ಒತ್ತಾಯದ ಸಂದಿಯಲ್ಲಿ ಸಿಕ್ಕ ಲಾಭ.

ದಾರಿ ಹುಟ್ಟಿದ್ದು ಯಾರಿಗಾಗಿ

1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ ಈ ರೈಲಿನ ಬೀಜವಿದೆ. ಗೋವೆಯ ಉಪ್ಪಿನ ಮೇಲಿನ ಹಕ್ಕಿಗೆ ಬದಲಾಗಿ ಬ್ರಿಟಿಷರು ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡಬೇಕಿತ್ತು. ಆ ಹಣ ರೈಲ್ವೆ ಕಂಪನಿಗೆ ಕೊಟ್ಟ ಬಡ್ಡಿ ಖಾತ್ರಿಯ (ಹೂಡಿದ ಹಣಕ್ಕೆ ಇಷ್ಟು ಬಡ್ಡಿ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯ) ಆಧಾರವಾಯಿತು. 1881ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ ನಿಂತಿತು. 1887ರಲ್ಲಿ ಬಯಲಿನ ಭಾಗ ತೆರೆಯಿತು, 1888ರಲ್ಲಿ ಘಟ್ಟವೂ ಮುಗಿದು ಮುರ್ಮುಗಾವ್‌ನಿಂದ ಗಡಿಯವರೆಗಿನ ಸುಮಾರು 82 ಕಿ.ಮೀ. ಪೂರ್ತಿಯಾಯಿತು. ಗಡಿಯಾಚೆಯ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಹಾಸಿತ್ತು. ಧಾರವಾಡ, ಬಳ್ಳಾರಿ ಕಡೆಯ ಹತ್ತಿ ಮತ್ತು ಧಾನ್ಯವನ್ನು ಅರಬ್ಬಿ ಸಮುದ್ರಕ್ಕೆ ತರುವುದು ಲೆಕ್ಕಾಚಾರ.

ಲೆಕ್ಕಾಚಾರ ಫಲಿಸಲಿಲ್ಲ. ಕಂಪನಿಯ ದುಡಿಮೆ ಖಾತ್ರಿಯ ಬಡ್ಡಿಯನ್ನೇ ಮುಟ್ಟುತ್ತಿರಲಿಲ್ಲ, 1902ರಲ್ಲಿ ಗಾಡಿ ಓಡಿಸುವ ಕೆಲಸವನ್ನೇ ಸದರ್ನ್ ಮರಾಠಾ ರೈಲ್ವೆಗೆ ಒಪ್ಪಿಸಬೇಕಾಯಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಎಂ. ಅಂಡ್ ಎಸ್.ಎಂ. (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಆಯಿತು. ಜನರ ನೆನಪಿನ ಉಚ್ಛ್ರಾಯಕ್ಕೂ ಕಂಪನಿಯ ಲೆಕ್ಕಪುಸ್ತಕಕ್ಕೂ ಸಂಬಂಧವಿಲ್ಲ ಎನ್ನುವುದಕ್ಕೆ ಇಷ್ಟು ಹೇಳಬೇಕಾಯಿತು. ಪ್ರಯಾಣಿಕರಿಗೆ ಇದು ಒಳ್ಳೆಯ ಗಾಡಿಯಾಗಿದ್ದ ಕಾಲದಲ್ಲೂ ದಾರಿಯ ಯಜಮಾನಿಕೆ ಸರಕಿನದೇ. ಮೊದಲು ಹತ್ತಿ, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು.

ಮೊದಲು ಹೋದ ನಿಲುಗಡೆ

1947ರಿಂದ 1955ರವರೆಗೆ ಈ ದಾರಿಯ ಅತ್ಯಂತ ಉದ್ದದ ನಿಲುಗಡೆಗೆ ಯಂತ್ರ ಕಾರಣವಾಗಿರಲಿಲ್ಲ. ಕ್ಯಾಸಲ್‌ರಾಕ್‌ನಲ್ಲಿ ಭಾರತದ ಕಸ್ಟಮ್ಸ್, ಕೆಳಗೆ ಕುಲೆಂನಲ್ಲಿ ಪೋರ್ಚುಗೀಸರ ಕಸ್ಟಮ್ಸ್. ಗಂಟುಮೂಟೆ ಬಿಚ್ಚಬೇಕು, ಕಾಗದ ತೋರಿಸಬೇಕು, ಮತ್ತೆ ಕಟ್ಟಬೇಕು. ಕಾಡಿನ ನಡುವಿನ ಒಂದು ಸಣ್ಣ ಊರಾದ ಕ್ಯಾಸಲ್‌ರಾಕ್‌ಗೆ ಅಷ್ಟು ಉದ್ದದ ಪ್ಲಾಟ್‌ಫಾರ್ಮು, ಅಷ್ಟು ಕಟ್ಟಡ ಯಾಕೆ ಎಂದು ಇಂದು ಇಳಿದವರಿಗೆ ಅನ್ನಿಸುವುದುಂಟು. ಅದು ಗಡಿ ನಿಲ್ದಾಣ, ಜೊತೆಗೆ ಘಟ್ಟದ ತಲೆಬಾಗಿಲು.

1955ರ ಗೋವಾ ಸತ್ಯಾಗ್ರಹದ ನಂತರ ಗಡಿ ಮುಚ್ಚಿತು, ಗಾಡಿ ನಿಂತಿತು. 1961ರ ಡಿಸೆಂಬರ್ 19ರ ವಿಮೋಚನೆಯ ಬಳಿಕ ದಾರಿ ಮತ್ತೆ ತೆರೆದಾಗ ಕಸ್ಟಮ್ಸ್ ಇರಲಿಲ್ಲ, ಆ ನಿಲುಗಡೆಯೂ ಇರಲಿಲ್ಲ. ಅದಕ್ಕಾಗಿ ಯಾರೂ ಹಳಹಳಿಸಿದ್ದಿಲ್ಲ. ವಾಸ್ಕೊದ ಕನ್ನಡಿಗರ ನೆನಪು ಹೆಚ್ಚಾಗಿ ಶುರುವಾಗುವುದು ಇದರ ನಂತರ: 1960ರ ದಶಕದಿಂದ 1990ರ ದಶಕದವರೆಗಿನ ಮೂವತ್ತು ಚಿಲ್ಲರೆ ವರ್ಷ. 1966ರವರೆಗೆ ದಕ್ಷಿಣ ರೈಲ್ವೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆ, ಹುಬ್ಬಳ್ಳಿ ವಿಭಾಗ.

ಹತ್ತುವಾಗ: ನೀರು, ಮರಳು, ಹಿಂದಿನ ಇಂಜಿನ್ನು

ಕುಲೆಂ ಸಮುದ್ರ ಮಟ್ಟದಿಂದ ನೂರು ಮೀಟರಿನ ಒಳಗಿದೆ, ಕ್ಯಾಸಲ್‌ರಾಕ್ ಸುಮಾರು 620 ಮೀಟರ್ ಎತ್ತರದಲ್ಲಿದೆ. ನಡುವಿನ ದಾರಿ ಸುಮಾರು 26 ಕಿ.ಮೀ. ಪೋರ್ಚುಗೀಸ್ ರಾಜಮನೆತನದ ಹೆಸರಿನಿಂದ ಇದನ್ನು ಬ್ರಗಾಂಜಾ ಘಾಟ್ ಎನ್ನುತ್ತಾರೆ. ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ರಸ್ತೆಯವರಿಗೆ ಇದು ಏರೇ ಅಲ್ಲ. ಕಬ್ಬಿಣದ ಮೇಲೆ ಉರುಳುವ ಕಬ್ಬಿಣಕ್ಕೆ ಇದು ಗೋಡೆ.

ಒಂದು ಲೆಕ್ಕ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಜನ ತುಂಬಿದ ಹನ್ನೆರಡು ಮೀಟರ್ ಗೇಜ್ ಬೋಗಿಗಳು ಒಟ್ಟು 400 ಟನ್ ಎಂದುಕೊಳ್ಳೋಣ. ಎಳೆಯಲು ಒಂದು ವೈ.ಡಿ.ಎಂ.4 ಡೀಸೆಲ್ ಇಂಜಿನ್ನು, ತೂಕ 72 ಟನ್. 37ಕ್ಕೆ 1ರ ಏರಿನಲ್ಲಿ ಪ್ರತಿ ಟನ್ನೂ 27 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. 472 ಟನ್ನಿಗೆ ಇದು ಸುಮಾರು 12.7 ಟನ್. ಅದರ ಮೇಲೆ ತಿರುವುಗಳ ಉಜ್ಜಾಟ, ಉರುಳುವಿಕೆಯ ತಡೆ ಸೇರಿದರೆ 15 ಟನ್ ಹತ್ತಿರ. ಒಣ ಹಳಿಯ ಮೇಲೆ ಚಕ್ರಕ್ಕೆ ತನ್ನ ಭಾರದ ಕಾಲುಭಾಗದಷ್ಟು ಹಿಡಿತ ಸಿಗುತ್ತದೆ, ಅಂದರೆ 18 ಟನ್. ಬೇಸಿಗೆಯಲ್ಲಿ ಒಂದೇ ಇಂಜಿನ್ನು ಉಸಿರು ಕಟ್ಟಿ ಎಳೆದೀತು, ಅದೂ ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿ. ಆದರೆ ಇದು ಸಹ್ಯಾದ್ರಿ. ಜೂನ್ ಬಂದು ಹಳಿ ತೊಯ್ದು, ಮೇಲೆ ಎಲೆ ಬಿದ್ದು ನುಣುಪಾದರೆ ಹಿಡಿತ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ: 12 ಟನ್. ಬೇಕಾದದ್ದು 15. ಚಕ್ರ ಇದ್ದಲ್ಲೇ ತಿರುಗುತ್ತದೆ, ಗಾಡಿ ನಿಲ್ಲುತ್ತದೆ.

ಅದಕ್ಕೇ ಹಿಂದೊಂದು ಇಂಜಿನ್ನು. ರೈಲ್ವೆಯವರು ಬ್ಯಾಂಕರ್ ಎಂದರೆ, ಜನರ ಬಾಯಲ್ಲಿ ಅದು "ನೂಕೂ ಇಂಜಿನ್". ಹಿಂದೆ ಯಾಕೆ, ಎರಡನ್ನೂ ಮುಂದೆಯೇ ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಎರಡು ಕಾರಣ. ಒಂದು, ಮುಂದಿನಿಂದಲೇ ಪೂರ್ತಿ ಎಳೆದರೆ ಮೊದಲ ಬೋಗಿಯ ಕೊಂಡಿಯ ಮೇಲೆ ಇಡೀ ಭಾರ ಬೀಳುತ್ತದೆ, ಬಿಗಿ ತಿರುವಿನಲ್ಲಿ ಬೋಗಿಗಳು ಒಳಬದಿಗೆ ಜಗ್ಗುತ್ತವೆ. ಎರಡು, ಕೊಂಡಿ ಹರಿದರೆ ಹಿಂದಿನ ಬೋಗಿಗಳು ಘಟ್ಟದಲ್ಲಿ ಹಿಮ್ಮುಖವಾಗಿ ಉರುಳದಂತೆ ಕೆಳಗೊಂದು ಆನಿಕೆ ಇರಬೇಕು. ಎರಡು ಇಂಜಿನ್ನಿನ ಡ್ರೈವರುಗಳಿಗೆ ಆಗ ವಾಕಿಟಾಕಿ ಇರಲಿಲ್ಲ. ಮುಂದಿನವನು ಸಿಳ್ಳೆ ಹಾಕಿ ಹೊರಡುವ ಸೂಚನೆ ಕೊಟ್ಟರೆ ಹಿಂದಿನವನು ಸಿಳ್ಳೆಯಲ್ಲೇ ಉತ್ತರ ಕೊಟ್ಟು ನೂಕಲು ಶುರುಮಾಡಬೇಕು. "ಇಂಜಿನ್ ಇಂಜಿನ್ ಮಾತಾಡ್ತಿದ್ವು" ಎಂದು ಹಿರಿಯರು ಹೇಳುವುದು ಕವಿತೆಯಂತೆ ಕೇಳಿಸಿದರೂ ಅಕ್ಷರಶಃ ನಿಜ. ಬೋಗದಾದೊಳಗೆ ಆ ಸಿಳ್ಳೆ ಎರಡು ಪಟ್ಟಾಗಿ ಕೇಳುತ್ತಿತ್ತು.

ಉಗಿ ಇಂಜಿನ್ನಿನ ಕಾಲದಲ್ಲಿ ಇದಕ್ಕೆ ನೀರಿನ ಸಮಸ್ಯೆ ಸೇರುತ್ತದೆ. ಮೀಟರ್ ಗೇಜ್‌ನ ದುಡಿಯುವ ಎತ್ತು ವೈ.ಜಿ. ಎಂಬ ಸರಕು ಇಂಜಿನ್ನು. ಅದರ ಹಿಂದಿನ ನೀರು, ಕಲ್ಲಿದ್ದಲಿನ ಡಬ್ಬಿಯಾದ ಟೆಂಡರಿನಲ್ಲಿ ಸುಮಾರು 13,600 ಲೀಟರ್ ನೀರು ಹಿಡಿಯುತ್ತದೆ. 400 ಟನ್ನಿನ ಗಾಡಿಯನ್ನು ಎರಡು ಇಂಜಿನ್ನು ಸೇರಿ ಕ್ಯಾಸಲ್‌ರಾಕ್‌ಗೆ ಹತ್ತಿಸಲು ಬೇಕಾಗುವ ಶಕ್ತಿಯನ್ನು ಉಗಿಗೆ ತಿರುಗಿಸಿ ನೋಡಿದರೆ, ಒಂದೊಂದು ಇಂಜಿನ್ನೂ ಈ 26 ಕಿ.ಮೀ.ನಲ್ಲೇ ಏಳೆಂಟು ಸಾವಿರ ಲೀಟರ್ ನೀರು ಕುಡಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಟೆಂಡರ್ ಖಾಲಿ. ಒಂದು ಟನ್ನಿನಷ್ಟು ಕಲ್ಲಿದ್ದಲು ಬೇರೆ. ಸಲಿಕೆಗೆ ಹತ್ತು ಕಿಲೋ ಹಿಡಿದರೂ ಫೈರ್‌ಮನ್ ಈ ಏರಿನಲ್ಲೇ ನೂರು ಸಲಿಕೆ ಎತ್ತಿ, ತಿರುವುಗಳಲ್ಲಿ ವಾಲುವ ಇಂಜಿನ್ನಿನೊಳಗೆ ಕಾಲೂರಿ ನಿಂತು, ಒಲೆಯ ಮೂಲೆಮೂಲೆಗೂ ಸಮನಾಗಿ ಎಸೆಯಬೇಕು. ಒಂದು ಕಡೆ ಗುಡ್ಡೆ ಬಿದ್ದರೆ ಅಲ್ಲಿ ಬೆಂಕಿ ಮಂಕಾಗಿ ಉಗಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಎಳೆತವೂ ಇಳಿಯಿತು, ಬ್ರೇಕಿನ ಪೈಪಿನಿಂದ ಉಗಿಯ ಬಲದಿಂದ ಗಾಳಿ ಹೀರುವ ಇಜೆಕ್ಟರೂ ಸೊರಗಿತು.

ಹಾಗಾಗಿ ಹತ್ತುವ ಮುಂಚೆ ಕುಲೆಂನಲ್ಲಿ ನೀರು, ಹತ್ತಿದ ಮೇಲೆ ಕ್ಯಾಸಲ್‌ರಾಕ್‌ನಲ್ಲಿ ನೀರು. ಸೊಂಡಿಲಿನಂಥ ವಾಟರ್ ಕಾಲಂನಿಂದ ಟೆಂಡರ್ ತುಂಬಲು, ಒಲೆಯ ಬೂದಿ ಕೆದರಲು, ಮರಳಿನ ಪೆಟ್ಟಿಗೆಗೆ ಒಣ ಮರಳು ಹಾಕಲು, ಬ್ಯಾಂಕರ್ ಕಟ್ಟಲು ಅಥವಾ ಬಿಚ್ಚಲು ಹೊತ್ತು ಬೇಕು. ಮರಳು ಒಣಗಿರಬೇಕು ಎನ್ನುವುದು ಸಣ್ಣ ವಿಷಯವಲ್ಲ. ಚಕ್ರದ ಮುಂದೆ ಹಳಿಗೆ ಮರಳು ಸುರಿಯುವ ಕೊಳವೆ ತೆಳ್ಳಗಿನದು, ಮಳೆಗಾಲದಲ್ಲಿ ಮರಳು ತೇವವಾದರೆ ಗಂಟು ಕಟ್ಟಿ ಕೊಳವೆ ಮುಚ್ಚಿಹೋಗುತ್ತದೆ. ಮರಳು ಹೆಚ್ಚು ಬೇಕಾದ ದಿನವೇ ಮರಳು ಕೈಕೊಡುವ ದಿನ.

ಊಟದ ಗಂಟು ಬಿಚ್ಚುತ್ತಿದ್ದುದು ಈ ಹೊತ್ತಿನಲ್ಲಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಇಂಜಿನ್ನಿಗೆ ನೀರು, ಜನಕ್ಕೆ ಚಹಾ.

ಇಳಿಯುವಾಗ: ಸುಟ್ಟ ವಾಸನೆ

ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಘಟ್ಟದ ಗಾಡಿಯವರಿಗೆ ಗೊತ್ತಿರುವ ಈ ಮಾತು ಪ್ರಯಾಣಿಕರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ವಾಸನೆ. "ಘಾಟ ಇಳಿಯೂ ಮುಂದ ಸುಟ್ಟ ಕಬ್ಬಿಣದ ವಾಸನಿ ಬರ್ತಿತ್ತು" ಎಂಬ ನೆನಪು ನಂಬಲರ್ಹವಾದದ್ದು, ಅದರ ಕಾರಣ ಹೀಗಿದೆ.

ಅದೇ 472 ಟನ್ನಿನ ಗಾಡಿ ಕ್ಯಾಸಲ್‌ರಾಕ್‌ನಿಂದ ಕುಲೆಂಗೆ ಸುಮಾರು 540 ಮೀಟರ್ ಇಳಿಯುತ್ತದೆ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 700 ಯೂನಿಟ್ ವಿದ್ಯುತ್ತಿಗೆ ಸಮ. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ಏಳು ತಿಂಗಳ ಕರೆಂಟು. ಉರುಳುವಿಕೆಯ ತಡೆ ಇದರಲ್ಲಿ ಒಂದು ಪಾಲು ನುಂಗುತ್ತದೆ. ಉಳಿದದ್ದೆಲ್ಲ ಒಂದೂ ಕಾಲು ಗಂಟೆಯೊಳಗೆ ಬಿಸಿಯಾಗಿ ಹೋಗಬೇಕಾದದ್ದು ಎರಕದ ಕಬ್ಬಿಣದ ಬ್ರೇಕ್ ಬ್ಲಾಕುಗಳ ಮೂಲಕ, ಚಕ್ರದ ಅಂಚಿನ ಮೂಲಕ. ಬ್ಲಾಕು ಸವೆದು ಹಾರುವ ಕಬ್ಬಿಣದ ಪುಡಿ ಗಾಳಿಯಲ್ಲೇ ಕಿಡಿಯಾಗುತ್ತದೆ. ರಾತ್ರಿಯ ಗಾಡಿಯಲ್ಲಿ ಕಿಟಕಿಗೆ ತಲೆಯಿಟ್ಟವರಿಗೆ ಚಕ್ರದ ಬಳಿ ಕೆಂಪು ಗೆರೆ ಕಂಡಿದ್ದರೆ ಅದು ಇದೇ.

ಆಗಿನ ಬ್ರೇಕು ನಿರ್ವಾತ ಬ್ರೇಕು, ರೈಲ್ವೆಯವರ ಬಾಯಲ್ಲಿ ಬರೀ "ವ್ಯಾಕ್ಯೂಮ್". ಪ್ರತಿ ಬೋಗಿಯ ತಳದಲ್ಲಿ ಹಂಡೆಯಂಥ ಸಿಲಿಂಡರ್. ಒಳಗೊಂದು ಪಿಸ್ಟನ್, ಅದರ ಸುತ್ತ ರಬ್ಬರಿನ ರೋಲಿಂಗ್ ರಿಂಗ್. ಇಂಜಿನ್ನು ಗಾಡಿಯುದ್ದದ ಪೈಪಿನಿಂದ ಗಾಳಿ ಹೀರಿ ತೆಗೆದಾಗ ಪಿಸ್ಟನ್ನಿನ ಮೇಲೂ ಕೆಳಗೂ ನಿರ್ವಾತ, ಪಿಸ್ಟನ್ ತನ್ನ ಭಾರಕ್ಕೆ ಕೆಳಗೆ ಕೂತಿರುತ್ತದೆ, ಬ್ರೇಕು ಬಿಟ್ಟಿರುತ್ತದೆ. ಡ್ರೈವರ್ ಪೈಪಿಗೆ ಗಾಳಿ ಬಿಟ್ಟ ಕೂಡಲೇ ಗುಂಡಿನ ಕವಾಟ ಮೇಲಿನ ಕೋಣೆಯನ್ನು ಮುಚ್ಚುತ್ತದೆ, ಗಾಳಿ ಕೆಳಗಡೆ ಮಾತ್ರ ನುಗ್ಗುತ್ತದೆ, ಪಿಸ್ಟನ್ ಮೇಲೆದ್ದು ಸನ್ನೆಗೋಲುಗಳನ್ನು ಎಳೆದು ಬ್ಲಾಕನ್ನು ಚಕ್ರಕ್ಕೆ ಒತ್ತುತ್ತದೆ. ನಿರ್ವಾತ 50 ಸೆಂ.ಮೀ. ಪಾದರಸದಷ್ಟಿದ್ದರೆ ಒತ್ತಡ ಚದರ ಸೆಂ.ಮೀ.ಗೆ 0.7 ಕಿಲೋ ಕೂಡ ಇಲ್ಲ. 18 ಇಂಚಿನ ಸಿಲಿಂಡರಿನಲ್ಲಿ ಇದರಿಂದ ಸಿಗುವ ತಳ್ಳುಬಲ 1,100 ಕಿಲೋ ಆಸುಪಾಸು. ಇಂದಿನ ಏರ್ ಬ್ರೇಕಿನ ಸಿಲಿಂಡರ್ ಗಾತ್ರದಲ್ಲಿ ಚಿಕ್ಕದು, ಆದರೆ ಒತ್ತಡ 3.8 ಕಿಲೋ, ಐದು ಪಟ್ಟಿಗಿಂತ ಹೆಚ್ಚು.

ವ್ಯಾಕ್ಯೂಮಿನ ಒಳ್ಳೆಯ ಗುಣವೆಂದರೆ ಪೈಪು ಎಲ್ಲಿ ಹರಿದರೂ ಬ್ರೇಕು ತಾನಾಗಿ ಬೀಳುತ್ತದೆ. ಬೋಗಿಗಳ ನಡುವಿನ ರಬ್ಬರ್ ಹೋಸ್‌ನ ವಾಷರ್ ಸವೆದು ಗಾಳಿ ಒಳನುಗ್ಗಿದರೂ ಅಷ್ಟೇ, ಬ್ರೇಕು ಅರ್ಧಂಬರ್ಧ ಹಿಡಿದು ಗಾಡಿ ಜಗ್ಗುತ್ತದೆ. ಕಿರಿಕಿರಿ ಹೌದು, ಅಪಾಯವಿಲ್ಲ. ಅಪಾಯವಿರುವುದು ಮೇಲಿನ ಕೋಣೆಯ ಸೋರಿಕೆಯಲ್ಲಿ. ರೋಲಿಂಗ್ ರಿಂಗ್ ಹಳತಾಗಿ ಬಿರಿದಿದ್ದರೆ ಕೆಳಗಿನ ಗಾಳಿ ಮೆಲ್ಲಗೆ ಮೇಲಕ್ಕೆ ನುಸುಳುತ್ತದೆ, ಹಿಡಿದ ಬ್ರೇಕು ಹಿಡಿದಂತೆಯೇ ಸಡಿಲವಾಗುತ್ತ ಹೋಗುತ್ತದೆ. ಬಯಲು ದಾರಿಯಲ್ಲಿ ಬ್ರೇಕು ಹಾಕುವುದೇ ಅರೆ ನಿಮಿಷ, ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ಘಟ್ಟದಲ್ಲಿ ಹತ್ತು ಹದಿನೈದು ನಿಮಿಷ ಎಡೆಬಿಡದೆ ಹಿಡಿಯಬೇಕು, ಅಲ್ಲಿ ಬಯಲಾಗುತ್ತದೆ. ಅದರ ಜೊತೆಗೆ ಬ್ಲಾಕು ಕಾದಷ್ಟೂ ಉಜ್ಜುವ ಹಿಡಿತ ಕಡಿಮೆ, ಬ್ಲಾಕು ಸವೆದಷ್ಟೂ ಪಿಸ್ಟನ್ ಹೆಚ್ಚು ದೂರ ಓಡಬೇಕು. ಡ್ರೈವರ್ ಒಮ್ಮೆ ಬ್ರೇಕು ಬಿಟ್ಟರೆ ಇಡೀ ಗಾಡಿಯ ಪೈಪಿನಿಂದ ಗಾಳಿ ಮತ್ತೆ ಹೀರಿ ನಿರ್ವಾತ ಕಟ್ಟಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗಾಡಿ ವೇಗ ಹಿಡಿದಿರುತ್ತದೆ.

ಆದ್ದರಿಂದ ಕ್ಯಾಸಲ್‌ರಾಕ್‌ನಲ್ಲಿ ಇಳಿಯುವ ಮುನ್ನ ಬ್ರೇಕ್ ಪರೀಕ್ಷೆ ಕಡ್ಡಾಯ. ಪರೀಕ್ಷಕರು ಪ್ರತಿ ಬೋಗಿಯ ತಳಕ್ಕೆ ಬಗ್ಗಿ ಪಿಸ್ಟನ್ ಎದ್ದಿದೆಯೇ, ಬ್ಲಾಕು ಚಕ್ರಕ್ಕೆ ತಾಗಿದೆಯೇ, ಬಿಟ್ಟಾಗ ಬಿಡುತ್ತದೆಯೇ ನೋಡುತ್ತಾರೆ, ಸುತ್ತಿಗೆಯಿಂದ ಚಕ್ರ ತಟ್ಟಿ ಸದ್ದು ಕೇಳುತ್ತಾರೆ. ಹಿಂದಿನ ಡಬ್ಬಿಯಲ್ಲಿ ಗಾರ್ಡು ನಿರ್ವಾತ ಅಳೆಯುವ ತನ್ನ ಮುಳ್ಳಿನ ಗೇಜಿನಲ್ಲಿ ಇಂಜಿನ್ನಿನ ನಿರ್ವಾತ ಕೊನೆಯವರೆಗೂ ಮುಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಎತ್ತರದ ಊರಿನಲ್ಲಿ ವಾತಾವರಣದ ಒತ್ತಡವೇ ನೂರಕ್ಕೆ ಸುಮಾರು ಏಳು ಪಾಲು ಕಡಿಮೆ, ಹೀಗಾಗಿ ಇಲ್ಲಿ ಇಂಜಿನ್ನು ಒಳ್ಳೆಯ ಸ್ಥಿತಿಯಲ್ಲಿಲ್ಲದಿದ್ದರೆ ಮುಳ್ಳು ಮೇಲೇರುವುದೇ ಇಲ್ಲ. ಗಾರ್ಡಿನ ಕೈಗೆ ತಿರುಪಿನ ಕೈಬ್ರೇಕು ಬೇರೆ ಇದೆ, ಕೊನೆಯ ಆಸರೆ.

ನಡುವೆ ಕರಂಜೋಳ್, ದೂಧಸಾಗರ, ಸೋನಾವಳಿ ನಿಲ್ದಾಣಗಳು. ಊರಿಲ್ಲದ ಕಡೆ ನಿಲ್ದಾಣ ಯಾಕೆ? ಭಾರತೀಯ ರೈಲ್ವೆಯ ನಿಯಮದ ಪ್ರಕಾರ ನಿಲ್ದಾಣದ ಕಡೆಗೆ ಇಳಿಯುವ ಇಳಿಜಾರು 80ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಕ್ಯಾಚ್ ಸೈಡಿಂಗ್ ಇರಬೇಕು. ಅದು ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆ ಏರಿ ಕೊನೆಗೊಳ್ಳುವ ಕುರುಡು ಹಳಿ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟು ಯಾವಾಗಲೂ ಆ ಕುರುಡು ಹಳಿಗೇ ತಿರುಗಿರುತ್ತದೆ. ಇಳಿಯುವ ಗಾಡಿ ಹತೋಟಿಯಲ್ಲಿದೆ ಎಂದು ನಿಂತು ತೋರಿಸಿದ ಮೇಲೆ ಮಾತ್ರ ಮುಖ್ಯ ಹಳಿಗೆ ತಿರುಗಿಸುತ್ತಾರೆ. ಹತೋಟಿ ತಪ್ಪಿ ಬಂದ ಗಾಡಿ ತಾನಾಗಿ ಏರು ಹಳಿಗೆ ನುಗ್ಗಿ ಮರಳಿನಲ್ಲಿ ಹೂತು ನಿಲ್ಲುತ್ತದೆ.

ದೂಧಸಾಗರದಲ್ಲಿ "ಜನ ನೋಡಲಿ ಅಂತ ಗಾಡಿ ನಿಲ್ಲಸ್ತಿದ್ರು" ಎಂಬ ನೆನಪನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ನಿಲ್ದಾಣ ಜಲಪಾತದ ಎದುರಿಗಿಲ್ಲ, ಹಳಿಯುದ್ದಕ್ಕೆ ಸ್ವಲ್ಪ ದೂರದಲ್ಲಿದೆ. ಜಲಪಾತ ಕಾಣುವುದು ಅದರ ನಡುಭಾಗಕ್ಕೆ ಅಡ್ಡಲಾಗಿ ಹಾಯುವ ಕಮಾನು ಸೇತುವೆಯ ಮೇಲಿಂದ. 310 ಮೀಟರ್ ಎತ್ತರದಿಂದ ಬೀಳುವ ನೀರು ಮಳೆಗಾಲದಲ್ಲಿ ಬೋಗಿಯ ಕಿಟಕಿಯೊಳಗೇ ತುಂತುರಾಗಿ ಬರುತ್ತದೆ. ಗಾಡಿ ನಿಲ್ಲುತ್ತಿದ್ದುದು ಬ್ಲಾಕು ಆರಲಿ, ನಿರ್ವಾತ ಕಟ್ಟಲಿ, ಎದುರಿನ ಗಾಡಿ ದಾಟಲಿ ಎಂದು. ಜಲಪಾತ ಪಕ್ಕದಲ್ಲಿದ್ದದ್ದು ಪ್ರಯಾಣಿಕರ ಪುಣ್ಯ.

ಒಂಟಿ ಹಳಿ, ಒಂದು ಗುಂಡು

ಎದುರಿನ ಗಾಡಿ ಎಂದೆವು. ಒಂಟಿ ಹಳಿಯ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ಗಾಡಿ. ಇದರ ಖಾತ್ರಿಗೆ ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರ ಮೀಟರ್ ಗೇಜ್ ದಾರಿಗಳಲ್ಲಿ ರೂಢಿಯಲ್ಲಿತ್ತು. ಎರಡೂ ತುದಿಯ ಸ್ಟೇಶನ್ ಮಾಸ್ತರರ ಬಳಿ ತಂತಿಯಿಂದ ಬೆಸೆದ ಒಂದೊಂದು ಪೆಟ್ಟಿಗೆ. ಆಚೆಯವರು ಒಪ್ಪಿಗೆ ಒತ್ತಿದರೆ ಮಾತ್ರ ಈಚೆಯ ಪೆಟ್ಟಿಗೆಯಿಂದ ಒಂದು ಲೋಹದ ಗುಂಡು ಹೊರಬೀಳುತ್ತದೆ. ಅದು ಮತ್ತೆ ಯಾವುದಾದರೂ ಒಂದು ಪೆಟ್ಟಿಗೆಗೆ ಬೀಳುವ ತನಕ ಇನ್ನೊಂದು ಗುಂಡು ಬರುವುದಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಾರೆ. ಗುಂಡಿಲ್ಲದೆ ಡ್ರೈವರ್ ಹೊರಡುವಂತಿಲ್ಲ.

ಇದರಲ್ಲಿ ಪ್ಯಾಸೆಂಜರ್ ಗಾಡಿಗೆ ಸಿಗುವ ಪಾಲು ಕಾಯುವಿಕೆ. ಹೊಸಪೇಟೆ ಕಡೆಯಿಂದ ಬಂದರಿಗೆ ಅದಿರಿನ ಗಾಡಿ ಇಳಿಯುತ್ತಿದೆ ಎಂದರೆ ಅದನ್ನು ಘಟ್ಟದ ನಡುವೆ ತಡೆದು ನಿಲ್ಲಿಸಲು ಯಾರಿಗೂ ಇಷ್ಟವಿಲ್ಲ. ತಡೆದರೆ ಅದರ ಬ್ರೇಕಿನ ಕಥೆ ಮತ್ತೆ ಮೊದಲಿನಿಂದ. ಹಗುರವಾದ ಪ್ಯಾಸೆಂಜರ್ ಗಾಡಿಯನ್ನು ನಿಲ್ದಾಣದ ಪಕ್ಕದ ಹಳಿಯಾದ ಲೂಪಿಗೆ ಹಾಕಿ ಅದಿರನ್ನು ಬಿಡುವುದು ಸುಲಭ. ಕಾರಣ ಹೇಳದೆ ಗಾಡಿ ಕಾಡಿನಲ್ಲಿ ನಿಂತಿತು ಎಂಬ ನೆನಪುಗಳಲ್ಲಿ ಬಹಳಷ್ಟಕ್ಕೆ ಇದೇ ಉತ್ತರ. ಮಳೆಗಾಲದಲ್ಲಿ ಇನ್ನೊಂದು ಕಾರಣ: ಗುಡ್ಡ ಕುಸಿತ. ರಾತ್ರಿಯಿಡೀ ಹಳಿ ತಿರುಗುವ ಪಹರೆಯವನ ಬಳಿ ಕೈದೀಪ, ಬಾವುಟ ಮತ್ತು ಹಳಿಗೆ ಕಟ್ಟುವ ಪಟಾಕಿ. ಇಂಜಿನ್ನಿನ ಚಕ್ರ ಹತ್ತಿ ಅದು ಸಿಡಿದರೆ ಡ್ರೈವರ್ ಮರುಮಾತಿಲ್ಲದೆ ನಿಲ್ಲಿಸಬೇಕು.

ಗೇಜು ಬದಲಾದ ಮೇಲೆ

1971ರಲ್ಲಿ ಪುಣೆ–ಮೀರಜ್–ಕೊಲ್ಹಾಪುರ ಬ್ರಾಡ್ ಗೇಜ್ ಆಯಿತು. ಅಲ್ಲಿಂದ ಎರಡು ದಶಕ ಮುಂಬೈ, ಪುಣೆಯಿಂದ ಗೋವೆಗೂ ಹುಬ್ಬಳ್ಳಿಗೂ ಹೋಗುವವರೆಲ್ಲ ಮೀರಜ್‌ನಲ್ಲಿ ಇಳಿದು, ಟ್ರಂಕು ಹಾಸಿಗೆ ಹೊತ್ತು, ಪಕ್ಕದ ಸಣ್ಣ ಗಾಡಿ ಹತ್ತಬೇಕು. ವಾಸ್ಕೊಗೆ ಹೋಗುತ್ತಿದ್ದ ಗೋಮಾಂತಕ ಎಕ್ಸ್‌ಪ್ರೆಸ್ ಅಂಥ ಒಂದು ಸಣ್ಣ ಗಾಡಿ. ಜನರಾದರೆ ನಡೆದು ಹತ್ತುತ್ತಾರೆ. ಸರಕನ್ನು ಚೀಲ ಚೀಲವಾಗಿ ಇಳಿಸಿ ಏರಿಸಬೇಕು, ಒಡೆಯುತ್ತದೆ, ಕಳುವಾಗುತ್ತದೆ, ವ್ಯಾಗನ್ನು ದಿನಗಟ್ಟಲೆ ನಿಲ್ಲುತ್ತದೆ. 1992ರಲ್ಲಿ ರೈಲ್ವೆ ಏಕ ಗೇಜ್ ಯೋಜನೆ ಹಿಡಿದಾಗ ಈ ದಾರಿ ಉಳಿಯುವ ಮಾತೇ ಇರಲಿಲ್ಲ. 1990ರ ದಶಕದಲ್ಲಿ ಹುಬ್ಬಳ್ಳಿ, ಲೋಂಡಾ, ಮೀರಜ್, ವಾಸ್ಕೊ ದಾರಿಗಳೆಲ್ಲ 1,676 ಮಿ.ಮೀ.ಗೆ ಬಂದವು. ಇತ್ತ 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿ ತೆರೆದು ಮುಂಬೈಯವರಿಗೆ ಘಟ್ಟ ಸುತ್ತುವ ಅಗತ್ಯವೇ ತಪ್ಪಿತು.

ಹಳಿ ಅಗಲವಾಗುವುದೆಂದರೆ ಹಳಿಯನ್ನು ಆಚೀಚೆ ಸರಿಸುವುದಷ್ಟೇ ಆಗಿರಲಿಲ್ಲ. ಮೀಟರ್ ಗೇಜ್‌ಗೆ 1.8 ಮೀಟರ್ ಉದ್ದದ ಮರದ ಸ್ಲೀಪರ್ ಸಾಕು, ಬ್ರಾಡ್ ಗೇಜ್‌ಗೆ 2.75 ಮೀಟರ್ ಬೇಕು. ಬೋಗಿಯ ಅಗಲ, ಎತ್ತರ ಹೆಚ್ಚಾದ್ದರಿಂದ ಬೋಗದಾಗಳನ್ನು ಕೊರೆದು ಹಿಗ್ಗಿಸಬೇಕು, ಸೇತುವೆಗಳು ಹೆಚ್ಚು ಭಾರ ಹೊರಬೇಕು, ತಿರುವುಗಳನ್ನು ಸರಿಪಡಿಸಬೇಕು. ಇಷ್ಟೆಲ್ಲ ಆದರೂ ಏರು ಮಾತ್ರ 37ಕ್ಕೆ 1 ಆಗಿಯೇ ಉಳಿಯಿತು. ಅದನ್ನು ತಗ್ಗಿಸಬೇಕೆಂದರೆ ದಾರಿಯನ್ನೇ ಬೇರೆ ಕಡೆ ಕಡಿಯಬೇಕು, ಸುತ್ತಲೂ ಇರುವುದು ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಕ್ಯಾಸಲ್‌ರಾಕ್–ಕುಲೆಂ ನಡುವೆ ಎರಡನೇ ಹಳಿ ಹಾಸುವುದಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು.

ಈಗ ನಿಲುಗಡೆಗಳ ಲೆಕ್ಕ ನೋಡಬಹುದು. ಕಸ್ಟಮ್ಸ್ ನಿಲುಗಡೆ ಗಡಿಯೊಂದಿಗೆ ಹೋಯಿತು. ನೀರಿನ ನಿಲುಗಡೆ ಉಗಿಯೊಂದಿಗೆ ಹೋಯಿತು. ಏರ್ ಬ್ರೇಕು, ಡೀಸೆಲ್ ಇಂಜಿನ್ನಿನ ಡೈನಾಮಿಕ್ ಬ್ರೇಕು ಬಂದ ಮೇಲೆ ಘಟ್ಟದ ನಡುವಿನ ಕಾಯುವಿಕೆ ಕುಗ್ಗಿತು. ಡೈನಾಮಿಕ್ ಬ್ರೇಕಿನಲ್ಲಿ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯನ್ನು ಹಿಡಿಯುತ್ತವೆ, ಬಿಸಿ ಇಂಜಿನ್ನಿನ ತಲೆಯ ಮೇಲಿನ ಫ್ಯಾನಿನಿಂದ ಹೊರಹೋಗುತ್ತದೆ. ಬ್ಲಾಕಿಗೆ ಕೆಲಸ ಕಡಿಮೆ, ಸುಟ್ಟ ವಾಸನೆಯೂ ಕಡಿಮೆ. ಹುಬ್ಬಳ್ಳಿಗೆ ನಿಂತು ನಿಂತು ಹೋಗುತ್ತಿದ್ದ ಜನರ ಬಹುಪಾಲನ್ನು ಅನಮೋಡ ಘಾಟಿನ ಬಸ್ಸು ಎತ್ತಿಕೊಂಡಿತು, ಉಳಿದವರನ್ನು ಹಾವಡಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್, ಯಶವಂತಪುರದ ಗಾಡಿ ಇಂಥವು. ಮೀಟರ್ ಗೇಜ್ ಉಳಿಸಬೇಕಿತ್ತು ಎನ್ನುವ ಹಳಹಳಿಕೆಗೆ ನಮ್ಮ ಸಹಿ ಇಲ್ಲ. ಆದರೆ ಎಲ್ಲ ನಿಲ್ದಾಣದಲ್ಲೂ ನಿಂತು ಲೋಂಡಾಕ್ಕೆ ಹೋಗುವ ಹಗಲಿನ ಪ್ಯಾಸೆಂಜರ್ ಗಾಡಿಗೂ ಗೇಜಿಗೂ ಸಂಬಂಧವಿರಲಿಲ್ಲ. ಅದನ್ನು ಬ್ರಾಡ್ ಗೇಜ್ ಮೇಲೂ ಧಾರಾಳವಾಗಿ ಓಡಿಸಬಹುದು, ಆ ದೂರನ್ನು ನಾವು ಒಪ್ಪುತ್ತೇವೆ.

ಮನೆಯಲ್ಲಿರುವ ಸಾಕ್ಷಿ

ಹಳೆಯ ಗಾಡಿಯ ಗುರುತು ಎಂದು ಮನೆಗಳಲ್ಲಿ ಇಟ್ಟುಕೊಂಡದ್ದರಲ್ಲಿ ಎರಡು ವಸ್ತು ಹೆಚ್ಚು: ರಟ್ಟಿನ ಟಿಕೆಟ್, ಹಳಿಯ ತುಂಡು. ಎರಡರಲ್ಲೂ ಓದಲು ಬಹಳ ಇದೆ. ರಟ್ಟಿನ ಟಿಕೆಟ್ಟು ಸುಮಾರು 57 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ಎಲ್ಲಿಂದ ಎಲ್ಲಿಗೆ, ಯಾವ ವರ್ಗ, ಎಷ್ಟು ದರ, ಎರಡೂ ತುದಿಗೆ ಕ್ರಮಸಂಖ್ಯೆ. ಅಚ್ಚಾದ ದರದಿಂದ ವರ್ಷ ಗೊತ್ತಾಗುವುದಿಲ್ಲ, ಹಳೆಯ ದಾಸ್ತಾನಿನ ಮೇಲೆ ಹೊಸ ದರದ ಮುದ್ರೆ ಒತ್ತುವುದಿತ್ತು. ದಿನಾಂಕವನ್ನು ಕೊಡುವಾಗ ಒಂದು ಸಣ್ಣ ಯಂತ್ರದ ಬಾಯಿಗೆ ತೂರಿ ಒತ್ತುತ್ತಿದ್ದರು. ಮಸಿ ಮಾಸಿದ್ದರೂ ಅಂಕಿಗಳ ಅಚ್ಚು ರಟ್ಟಿನಲ್ಲಿ ತಗ್ಗಾಗಿ ಉಳಿದಿರುತ್ತದೆ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಕಾಣುತ್ತದೆ. ಮೂರನೇ ದರ್ಜೆ ಎಂದಿದ್ದರೆ ಅದು 1974ರ ಹಿಂದಿನದು, ಆ ವರ್ಷ ಮೂರನೇ ದರ್ಜೆಯನ್ನೇ ತೆಗೆದರು. ಲ್ಯಾಮಿನೇಶನ್ ಮಾಡಿಸಬಾರದು, ಬಿಸಿಗೆ ತಗ್ಗು ಚಪ್ಪಟೆಯಾಗಿ ದಿನಾಂಕ ಅಳಿದುಹೋಗುತ್ತದೆ.

ಹಳಿಯ ತುಂಡಾದರೆ ಅದರ ನಡುಪಟ್ಟಿಯ ಮೇಲೆ ಉಬ್ಬಕ್ಷರದಲ್ಲಿ ತಯಾರಕರ ಗುರುತು, ತೂಕದ ವರ್ಗ, ವರ್ಷ ಇರುತ್ತವೆ. ತುಕ್ಕನ್ನು ತಂತಿ ಬ್ರಷ್‌ನಿಂದ ತಿಕ್ಕಿದರೆ ಅಕ್ಷರವೂ ಸವೆಯುತ್ತದೆ. ಸೀಮೆಎಣ್ಣೆಯಲ್ಲಿ ಒಂದು ದಿನ ನೆನೆಸಿ ಬಟ್ಟೆಯಿಂದ ಒರೆಸಿ, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಅಡ್ಡಲಾಗಿ ತೀಡಿದರೆ ಅಕ್ಷರ ಮೂಡುತ್ತದೆ. ವರ್ಷ ಉರುಳಿಸಿದ್ದರದು, ಹಾಸಿದ್ದರದು ಅಲ್ಲ. ಬಯಲಿನ ಮುಖ್ಯ ದಾರಿಯಲ್ಲಿ ಸವೆದ ಹಳಿಯನ್ನು ಕಿತ್ತು ಸೈಡಿಂಗಿಗೆ ಹಾಕುವುದು ರೈಲ್ವೆಯಲ್ಲಿ ವಾಡಿಕೆ, ಆದ್ದರಿಂದ ಹಳಿಯ ವರ್ಷದಿಂದ ದಾರಿಯ ವರ್ಷ ಹೇಳಲಾಗದು. ಇಂಥ ಸಾಕ್ಷಿ ಹುಡುಕಿಕೊಂಡು ಘಟ್ಟದ ಹಳಿಯ ಮೇಲೆ ನಡೆಯಲು ಹೋಗಬಾರದು. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ, ಬೋಗದಾದೊಳಗೆ ಗಾಡಿ ಬಂದರೆ ಸರಿದು ನಿಲ್ಲುವ ಜಾಗ ಎಲ್ಲೆಡೆ ಸಿಗುವುದಿಲ್ಲ.

ಹಳೆಯ ನಿಲುಗಡೆಗಳಲ್ಲಿ ಎರಡು ಇಂದಿಗೂ ಉಳಿದಿವೆ: ಕುಲೆಂ ಮತ್ತು ಕ್ಯಾಸಲ್‌ರಾಕ್. ಎಕ್ಸ್‌ಪ್ರೆಸ್ ಆದರೂ ಸಾಮಾನ್ಯವಾಗಿ ಹತ್ತುವ ಮುಂಚೆ ಕುಲೆಂನಲ್ಲಿ ಹಿಂದಕ್ಕೆ ಬ್ಯಾಂಕರ್ ಕಟ್ಟಿಕೊಳ್ಳಬೇಕು, ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚಬೇಕು. ಇಳಿಯುವ ಗಾಡಿ ಮೇಲೆ ನಿಂತು ಬ್ರೇಕು ತೋರಿಸಲೇಬೇಕು. ಕೊಂಡಿ ಕೂರಿಸಿ, ಏರ್ ಹೋಸ್ ಜೋಡಿಸಿ, ಗೇಜಿನ ಮುಳ್ಳು ಏರುವ ತನಕ ಬಾಗಿಲ ಬಳಿಯವರು ಇಳಿದು ಚಹಾ ಕುಡಿದು, ಹಿಂದಿನ ಇಂಜಿನ್ನಿನ ಹಾರ್ನ್ ಮುಂದಿನದಕ್ಕೆ ಉತ್ತರ ಕೊಟ್ಟದ್ದು ಕೇಳಿದೊಡನೆ ಓಡಿಬಂದು ಹತ್ತಿಕೊಳ್ಳುತ್ತಾರೆ.